ಕರುವಿನಿಂದ ಫೋನಿಗೆ ಬಂದ ಮಾತು

ಮೊದಲು ಬರೆದವಳು ಅವ್ವ ಎಂದುಕೊಂಡಿದ್ದೇನೆ. ಹಾಗೆ ಹೇಳಿದರೆ ಕಥೆ ಚೆನ್ನಾಗಿ ಕೂರುತ್ತದೆ. ಅದಕ್ಕೇ ನನಗೆ ಅನುಮಾನ.

ಹರದನಹಳ್ಳಿಯ ನಮ್ಮ ಮನೆಯ ನಡುವೆ ಗೋಡೆ ಎದ್ದಿದೆ. ಈ ಕಡೆ ಅವ್ವ, ಆ ಕಡೆ ಚಿಕ್ಕಮ್ಮ. ಜಗಲಿ ಮಾತ್ರ ಒಂದೇ. ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಒರಳುಕಲ್ಲಿನ ಜಗಳ ಎನ್ನುತ್ತಾಳೆ ಅವ್ವ. ಇನ್ನೊಂದು ದಿನ ಕೇಳಿದರೆ ಬೇರೇನೋ ಹೇಳುತ್ತಾಳೆ. ಆದರೆ ಮಾತು ಬಿಟ್ಟವರು ನಮ್ಮ ಕಡೆ ಸುಮ್ಮನಿರುವುದಿಲ್ಲ. ಜಗಲಿ ಕಂಬಕ್ಕೆ ಕಟ್ಟಿದ ಕರುವಿಗೆ ಹೇಳುತ್ತಾರೆ.

"ಏ ಕರಾ, ನಲ್ಲೀಲಿ ನೀರು ಬಂದದೆ ಅಂತ ಒಳಗಿರೋರ್ಗೆ ಯೋಳ್ಲಾ," ಎನ್ನುವಳು ಅವ್ವ.

"ಏ ಕರಾ, ನಂಗೇನು ಕಿವಿ ಇಲ್ವಾ ಅಂತ ಕೇಳ್ಲಾ," ಎಂದು ಗೋಡೆಯಾಚೆಯಿಂದ ಚಿಕ್ಕಮ್ಮ.

ಕರುಗಳು ಬದಲಾದವು. ಮಾತು ನಡೆದೇ ಇತ್ತು.

ಆಮೇಲೆ ಚಿಕ್ಕಮ್ಮನಿಗೆ ಗಂಟಲಿನ ಆಪರೇಷನ್ ಆಯಿತು. ಮನೆಗೆ ಬಂದಾಗ ದನಿ ಇರಲಿಲ್ಲ. ಇನ್ನು ಬರುವುದೂ ಇಲ್ಲ ಎಂದಿದ್ದರು ಡಾಕ್ಟರು. ಅವ್ವ ಕರುವಿಗೆ ಹೇಳುತ್ತಲೇ ಇದ್ದಳು. ಆ ಕಡೆಯಿಂದ ಏನೂ ಬರುತ್ತಿರಲಿಲ್ಲ. ಒಂದು ಭಾನುವಾರ ನಾನು ಗುಂಡ್ಲುಪೇಟೆಯಿಂದ ಬಂದರೆ, ಅವ್ವ ಒಲೆ ಹಚ್ಚದೆ ಕೂತಿದ್ದಳು.

"ಉಂಡ್ಲೋ ಇಲ್ವೋ ಅಂತ್ಲೂ ಗೊತ್ತಾಯ್ತಾ ಇಲ್ಲ ಕಣಮ್ಮಿ. ಮುಂಚೆ ಬಯ್ಯದಾದ್ರೂ ಬಯ್ತಿದ್ಲು."

"ವಾಟ್ಸಾಪ್ ಮಾಡವ್ವ."

"ಅವಳ ನಂಬರು ನನ್ನ ಫೋನಲ್ಲಾ? ಮಾತು ಬುಟ್ಟಿವ್ನಿ ಕಣಮ್ಮಿ!"

ನಾನು ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಆ ದಿನಗಳಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದು ಆಡುತ್ತಿದ್ದೆ. ಲ್ಯಾಪ್‌ಟಾಪಿನಲ್ಲಿ ಎರಡು ಬ್ರೌಸರ್ ವಿಂಡೋ ತೆರೆದು ಎಡಗಡೆ ಬರೆದರೆ ಬಲಗಡೆ ಕಾಣುತ್ತಿತ್ತು. ಒಂದೇ ವೈಫೈ ಇದ್ದರೆ ಎರಡು ಫೋನುಗಳ ನಡುವೆಯೂ ನಡೆಯುತ್ತಿತ್ತು. ನಮ್ಮ ಮನೆಯ ವೈಫೈ ಗೋಡೆಯಾಚೆಗೂ ಸಿಗುತ್ತದೆ. ಮಧ್ಯದಲ್ಲಿ ಯಾರೂ ಇಲ್ಲ. ಮಾತು ಮನೆಯ ಹೊಸ್ತಿಲು ದಾಟುವುದಿಲ್ಲ. ವಿಂಡೋ ಮುಚ್ಚಿದರೆ ಬರೆದದ್ದೆಲ್ಲ ಹೋಯಿತು.

"ನಂಬರು ಬ್ಯಾಡ್ವಾ?" ಅವ್ವ ಎರಡು ಸಲ ಕೇಳಿದಳು.

ಬೇಡ. ಆದರೆ ಒಂದು ತೊಡಕಿತ್ತು. ಆ ಎರಡು ವಿಂಡೋಗಳಲ್ಲಿ ಮೊದಲು ಒಂದರ ಗುರುತು ಇನ್ನೊಂದಕ್ಕೆ ಸಿಗಬೇಕು. ಅವ್ವನ ಫೋನಿನಲ್ಲಿ ಮೂಡುವ ಕ್ಯೂಆರ್ ಚಿತ್ರವನ್ನು ಚಿಕ್ಕಮ್ಮನ ಫೋನು ನೋಡಬೇಕು, ಆಮೇಲೆ ಚಿಕ್ಕಮ್ಮನದನ್ನು ಅವ್ವನ ಫೋನು ನೋಡಬೇಕು. ಮಾತು ಬಿಟ್ಟವರು ಎದುರುಬದುರು ನಿಲ್ಲುವ ಪದ್ಧತಿ ಇಲ್ಲ.

ನಾನು ಆ ಕಡೆಗೂ ಹೋಗಿ ಚಿಕ್ಕಮ್ಮನಿಗೆ ಹೇಳಿದ ಮೇಲೆ ಇಬ್ಬರೂ ಜಗಲಿಗೆ ಬಂದರು. ಅವ್ವ ಬೀದಿಯ ಕಡೆ, ಚಿಕ್ಕಮ್ಮ ಗೋಡೆಯ ಕಡೆ ಮುಖ ಮಾಡಿ ಕೈ ಮಾತ್ರ ಚಾಚಿದರು. ಕ್ಯಾಮೆರಾಗೆ ಸಿಕ್ಕಿದ್ದು ಕರುವಿನ ಬಾಲ.

"ನೋಡದೆ ಹೇಗವ್ವಾ ಆಗೋದು?"

"ಫೋನು ನೋಡ್ತೀನಿ. ಬ್ಯಾರೆ ಯಾರ್ನೂ ನೋಡಕಿಲ್ಲ," ಎಂದು ತಿರುಗಿದಳು.

ಎರಡು ಫೋನೂ ಕೂಡಿಕೊಂಡ ಮೇಲೆ ಅವ್ವ ಒಳಗೆ ಹೋಗಿ ಒಂದೊಂದೇ ಅಕ್ಷರ ಒತ್ತಿದಳು: ಏ ಕರ ಉಂಡರಾ ಕೇಳು.

ಅಂಗನವಾಡಿಯಲ್ಲಿ ದುಡಿದ ಚಿಕ್ಕಮ್ಮ ಬೇಗ ಬರೆಯುತ್ತಾಳೆ. ಉತ್ತರ ಥಟ್ಟನೆ ಬಂತು: ಏ ಕರ ಅಕ್ಕಿ ಗಂಜಿ ಉಂಡೆ. ನಾಯಿಯೂ ಮೂಸಲ್ಲ.

"ನೋಡ್ದಾ ಇವಳ ಕೊಬ್ಬ!" ಎಂದು ಅವ್ವ ರಾಗಿ ಹಿಟ್ಟಿನ ಡಬ್ಬಿಗೆ ಕೈ ಹಾಕಿದಳು. ಅವಳು ನಕ್ಕಳೆಂದು ನೆನಪು. ಬೆನ್ನು ನನ್ನ ಕಡೆಗಿತ್ತು. ನಕ್ಕದ್ದು ನನಗೆ ಹೇಗೆ ಕಂಡಿತೋ.

ಸಂಪರ್ಕ ಉಳಿಯುತ್ತಿರಲಿಲ್ಲ. ವಿಂಡೋ ಮುಚ್ಚಿಹೋಗುವುದು, ಇಬ್ಬರೂ ಮತ್ತೆ ಜಗಲಿಗೆ ಬಂದು ಫೋನಿಗೆ ಫೋನು ತೋರಿಸುವುದು. ತಾನೇ ಕೂಡಿಕೊಳ್ಳುವಂತೆ ಮಾಡಿಕೊಡುತ್ತೇನೆ ಎಂದೆ.

"ಅದ್ಯಾಕಮ್ಮಿ ಮುಟ್ಟಕ್ಕೋದಿಯೆ? ಎಂಗದೋ ಅಂಗೇ ಇರ್ಲಿ ಬುಡು."

ಕತ್ತಿಗೆ ಬಟ್ಟೆ ಸುತ್ತಿಕೊಂಡ ಚಿಕ್ಕಮ್ಮನೂ ಬೇಡವೆಂದು ಕೈಯಾಡಿಸಿದಳು. ಬೇಕೆಂದೇ ಮುಚ್ಚುತ್ತಿದ್ದರು ಎಂದು ಬರೆಯಲು ಕೈ ಹೋಗುತ್ತದೆ. ಹಳೆಯ ಫೋನುಗಳು, ತಾವೇ ಮುಚ್ಚಿಕೊಂಡಿರಬಹುದು.

ಕಳೆದ ಭಾನುವಾರವೂ ಇಬ್ಬರು ಜಗಲಿಯಲ್ಲಿ ನಿಂತಿದ್ದರು. ಬಿಸಿಲಿಗೆ ಚಿತ್ರ ಸರಿಯಾಗಿ ಕಾಣಲಿಲ್ಲ.

"ಇನ್ನೊಸಿ ಅತ್ರ ಬರಾಕೆ ಯೋಳ್ಲಾ ಕರಾ," ಎಂದಳು ಅವ್ವ.

ಚಿಕ್ಕಮ್ಮ ಹತ್ತಿರ ಬಂದು, ಸೆರಗಿನಿಂದ ಎರಡು ಫೋನಿಗೂ ನೆರಳು ಮಾಡಿದಳು.

ಕಂಬದಲ್ಲಿ ಕರು ಇರಲಿಲ್ಲ. ಇದೊಂದು ಖಚಿತ. ಮೇಯಲಿ ಎಂದು ಹಗ್ಗ ಬಿಚ್ಚಿದವಳು ನಾನೇ.