ಗಾಳಿ ಹೆಚ್ಚಾಗಿರಲಿಲ್ಲ

ಶಾಂತಕ್ಕನ ಬಲಗಣ್ಣು ಹೋದದ್ದು ದಾವಲಣ್ಣನಿಂದ ಅಲ್ಲ, ನನ್ನಿಂದ. ಅವನು ಪಂಪಿಗೆ ಗಾಳಿ ಹೆಚ್ಚು ಬಿಟ್ಟಿರಲಿಲ್ಲ. ಬಿಟ್ಟಿದ್ದ ಎಂದು ಹೇಳಿದವಳು ನಾನು — ಬಿಟ್ಟಿರಲಿಲ್ಲ ಎಂದು ಗೊತ್ತಿದ್ದೇ ಹೇಳಿದೆ. ಬೆಟಗೇರಿಯ ನಮ್ಮ ಓಣಿಯಲ್ಲಿ ಇವತ್ತಿಗೂ ಆ ಮಾತನ್ನೇ ಎಲ್ಲರೂ ನಂಬಿದ್ದಾರೆ. ನಾಲ್ಕು ಜನ ನಂಬಿದ ಸುಳ್ಳನ್ನು ನಾಲ್ಕು ಜನರ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕು ಎನಿಸಿ ಇದನ್ನು ಬರೆಯುತ್ತಿದ್ದೇನೆ.

ಆಗ ನಾನು ಡಿಪ್ಲೊಮಾ ಮುಗಿಸಿ ಗದಗಿನ ಒಂದು ಪಂಪು-ಕಂಪ್ರೆಸರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಮಗ್ಗದ ಮನೆಯ ಹುಡುಗಿ. ನಮ್ಮ ಮನೆಯಲ್ಲಿ ಯಂತ್ರವೆಂದರೆ ಅಪ್ಪನ ಮಗ್ಗ ಒಂದೇ. ಗಿರಾಕಿಗಳು ಬಂದರೆ ನನ್ನನ್ನು ದಾಟಿ ಒಳಗೆ ಕುಳಿತ ಮಾಲೀಕರನ್ನೇ ಹುಡುಕುತ್ತಿದ್ದರು. ಹಾಗಿರುವಾಗ ನಮ್ಮ ಓಣಿಯ ಹಿಂದಿದ್ದ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಸಾವ್ಕಾರರು ನೇರವಾಗಿ ನನ್ನ ಮೇಜಿನ ಮುಂದೆ ಬಂದು ಕುಳಿತರು. ಅವರನ್ನು ಕಳಿಸಿದವನು ಅಲ್ಲಿ ಕೆಲಸಕ್ಕಿದ್ದ ದಾವಲಸಾಬ, ನಮ್ಮ ದಾವಲಣ್ಣ. ನಮ್ಮ ಮನೆಯಿಂದ ನಾಲ್ಕನೆಯ ಮನೆ ಅವನದು. “ಪಂಪ್ ತಗೊಳ್ಳೂದಾದ್ರ ನಮ್ಮ ಗಿರಿಜಾನ್ನ ಕೇಳ್ರಿ, ಆಕಿ ಅದನ್ನ ಕಲ್ತಾಳ,” ಎಂದಿದ್ದನಂತೆ.

ಅಲ್ಲಿ ನೂಲನ್ನು ಬಣ್ಣಕ್ಕೆ ಹಾಕುವ ಮೊದಲು ಕಾಸ್ಟಿಕ್ ಸೋಡಾದ ನೀರಿನಲ್ಲಿ ನೆನೆಸುತ್ತಿದ್ದರು. ಆ ನೀರನ್ನು ಬಕೆಟ್‌ನಲ್ಲಿ ಎತ್ತಿ ಸುರಿಯುವುದು ದಾವಲಣ್ಣನ ಕೆಲಸ. ಅವನ ಮೊಣಕೈವರೆಗೂ ಸುಟ್ಟ ಕಲೆಗಳಿದ್ದವು. ನೆಲ ಸದಾ ಒದ್ದೆ, ಕರೆಂಟಿನ ಪಂಪು ಬೇಡವೆಂದು ನಾನೇ ಹೇಳಿದೆ. ಗಾಳಿಯಿಂದ ನಡೆಯುವ ಡಯಾಫ್ರಾಮ್ ಪಂಪು ಇಂಥ ಕಡೆಗೆ ಹೇಳಿ ಮಾಡಿಸಿದ್ದು. ಒಳಗೆ ಎರಡು ರಬ್ಬರಿನ ಪರದೆ. ಕಂಪ್ರೆಸರ್‌ನ ಗಾಳಿ ಒಮ್ಮೆ ಇದನ್ನು, ಒಮ್ಮೆ ಅದನ್ನು ದಬ್ಬುತ್ತದೆ, ನಮ್ಮ ಎದೆ ಏರಿ ಇಳಿದ ಹಾಗೆ. ತೊಟ್ಟಿ ಖಾಲಿಯಾದರೂ ಸುಡುವುದಿಲ್ಲ, ಮುಂದೆ ಪೈಪು ಕಟ್ಟಿಕೊಂಡರೆ ತಾನಾಗಿ ನಿಲ್ಲುತ್ತದೆ.

ಆ ಕಾರ್ಖಾನೆಗೆ ಹೋಗಿ ಎಲ್ಲವನ್ನೂ ಅಳೆದೆ. ತೊಟ್ಟಿ ಎಷ್ಟು ಆಳ, ನೀರು ಎಷ್ಟು ಎತ್ತರಕ್ಕೆ ಏರಬೇಕು, ಅವರ ಕಂಪ್ರೆಸರ್ ಎಷ್ಟು ಗಾಳಿ ಕೊಡುತ್ತದೆ. ಬೇಕಾದದ್ದಕ್ಕಿಂತ ಒಂದು ಅಳತೆ ದೊಡ್ಡದನ್ನೇ ಬರೆದುಕೊಂಡೆ. ದೊಡ್ಡ ಪಂಪನ್ನು ನಿಧಾನಕ್ಕೆ ನಡೆಸಿದರೆ ಪರದೆಗಳು ಬಹಳ ಕಾಲ ಬಾಳುತ್ತವೆ. ಲೆಕ್ಕ ಸರಿಯಾಗಿತ್ತು. ಈಗ ಯೋಚಿಸಿದರೂ ಆ ಲೆಕ್ಕದಲ್ಲಿ ತಪ್ಪಿರಲಿಲ್ಲ — ತಪ್ಪು ಲೆಕ್ಕದಲ್ಲಿ ಆಗಲೇ ಇಲ್ಲ.

ಕಾಸ್ಟಿಕ್‌ಗೆ ಪ್ಲಾಸ್ಟಿಕ್ ಮೈಯ ಪಂಪೇ ಬೇಕು. ಅಲ್ಯೂಮಿನಿಯಂ ಕೂಡದು, ಕಾಸ್ಟಿಕ್ ಅದನ್ನು ತಿಂದುಹಾಕುತ್ತದೆ. ಇದು ನಮಗೆ ಮೊದಲ ವಾರವೇ ಹೇಳಿಕೊಟ್ಟ ಪಾಠ. ಆದರೆ ಪ್ಲಾಸ್ಟಿಕ್ ಪಂಪು ಹೊರಗಿನಿಂದ ಬರಬೇಕಿತ್ತು, ತಡವಾಯಿತು. ಸಾವ್ಕಾರರು ಅವಸರ ಮಾಡಿದರು. ಹುಬ್ಬಳ್ಳಿಯ ಅಂಗಡಿಯವರು ನಾಳೆಯೇ ತಂದು ಕೂಡಿಸುತ್ತಾರಂತೆ ಎಂದರು. ನನ್ನ ಮೊದಲ ಆರ್ಡರು ಕೈತಪ್ಪುವುದರಲ್ಲಿತ್ತು. ಅಂಗಡಿಯಲ್ಲಿ ಎಣ್ಣೆ ಮಿಲ್ಲಿಗೆಂದು ತರಿಸಿದ್ದ ಅದೇ ಅಳತೆಯ ಅಲ್ಯೂಮಿನಿಯಂ ಪಂಪು ಇತ್ತು. ಮೇಲೆ ನೀಲಿ ಬಣ್ಣ; ನೋಡಿದವರಿಗೆ ಒಳಗಿನ ಲೋಹ ಯಾವುದೆಂದು ತಿಳಿಯುವಂತಿರಲಿಲ್ಲ. ಸ್ವಲ್ಪ ದಿನದ ಮಟ್ಟಿಗೆ, ಪ್ಲಾಸ್ಟಿಕ್ಕಿನದು ಬಂದ ಕೂಡಲೇ ಬದಲಿಸಿದರಾಯಿತು ಎಂದುಕೊಂಡು ಅದನ್ನೇ ಕೂಡಿಸಿ ಬಂದೆ. ಯಾರಿಗೂ ಹೇಳಲಿಲ್ಲ. ದಾವಲಣ್ಣನಿಗೆ ಮಾತ್ರ, ದಿನಾ ಕೆಲಸ ಮುಗಿದ ಮೇಲೆ ಒಳಗೆಲ್ಲ ಸಿಹಿನೀರು ಹರಿಸು ಎಂದೆ. ಯಾಕೆ ಎನ್ನುವುದನ್ನು ನುಂಗಿಕೊಂಡೆ.

ಗಾಳಿಯ ಗೇಜಿನ ಮೇಲೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದು ತೋರಿಸಿದೆ. “ಮುಳ್ಳು ಇದನ್ನ ದಾಟಬಾರದು, ಅಣ್ಣಾ.”

“ನೀ ಗೆರಿ ಎಳದಿ, ಮುಗೀತು. ನಾ ಯಾಕ ದಾಟಸ್ಲಿ?” ಎಂದು ನಕ್ಕ. ಆಮೇಲೆ ಅಲ್ಲಿದ್ದ ಹೆಂಗಸರನ್ನೆಲ್ಲ ಕರೆದು, ಬಕೆಟ್ಟಿಲ್ಲದೆ ನೀರು ಮೇಲಿನ ತೊಟ್ಟಿಗೆ ಏರುವುದನ್ನು ತೋರಿಸಿದ. ನೂಲಿನ ಲಡಿ ಹಿಂಡುತ್ತಿದ್ದ ಶಾಂತಕ್ಕ ಹಸಿ ಕೈಯಿಂದಲೇ ನನ್ನ ಕೆನ್ನೆ ಮುಟ್ಟಿದಳು.

ಪ್ಲಾಸ್ಟಿಕ್ ಪಂಪು ಬಂತು. ನಾನು ಬದಲಿಸಲಿಲ್ಲ. ಬದಲಿಸಲು ಹೋದರೆ ಮೊದಲು ಕೊಟ್ಟದ್ದು ತಪ್ಪೆಂದು ಮಾಲೀಕರಿಗೆ ಹೇಳಬೇಕಿತ್ತು. ನಾಳೆ, ಈ ವಾರ, ಹಬ್ಬ ಮುಗಿಯಲಿ — ಹೀಗೆಯೇ ತಳ್ಳಿದೆ. ನಡುವೆ ದಾವಲಣ್ಣ ಒಮ್ಮೆ ಫೋನು ಮಾಡಿದ. “ತಂಗೀ, ಪಂಪಿನ ಸಂದಿ ಒಳಗ ಬಿಳಿ ಪುಡಿ ಹಂಗ ಬರಾಕತ್ತೈತಿ. ಏನರ ಆಗೈತೇನು ನೋಡ್ತಿ?”

ಅದೇನೆಂದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. “ಏನೂ ಆಗಿಲ್ಲಣ್ಣ, ಒರಸಿಬಿಡು,” ಎಂದೆ.

ಆ ಪುಡಿಯನ್ನು ಅವನು ದಿನಾ ಒರೆಸುತ್ತಿದ್ದನಂತೆ.

ಪಂಪಿನ ಮೈ ಒಡೆದದ್ದು ಒಂದು ಮುಂಜಾನೆ. ತಿಂದು ತೆಳ್ಳಗಾದ ಜಾಗ ಬಿಚ್ಚಿಕೊಂಡು ಕಾಸ್ಟಿಕ್ ನೀರು ಕಾರಂಜಿಯ ಹಾಗೆ ಸಿಡಿದಿದೆ. ಶಾಂತಕ್ಕ ಲಡಿ ಎತ್ತಿಕೊಂಡು ಪಕ್ಕದಲ್ಲೇ ಹಾಯುತ್ತಿದ್ದಳು. ದಾವಲಣ್ಣ ಗಾಳಿ ನಿಲ್ಲಿಸಲು ಓಡಿ, ಗಾಬರಿಯಲ್ಲಿ ಗಾಳಿ ಹೆಚ್ಚು-ಕಡಿಮೆ ಮಾಡುವ ಗುಬಟನ್ನು ಉಲ್ಟಾ ತಿರುವಿ, ಆಮೇಲೆ ಕೊಳವೆಯನ್ನೇ ಕಿತ್ತೆಸೆದು, ಅವಳ ಮುಖಕ್ಕೆ ನೀರು ಸುರಿಯುತ್ತ ದವಾಖಾನೆಗೆ ಹೊತ್ತುಕೊಂಡು ಹೋಗಿದ್ದ.

ನಾನು ಹೋದಾಗ ಪಂಪು ಮಗುಚಿ ಬಿದ್ದಿತ್ತು. ಒಡೆದ ಅಂಚು ಗೆದ್ದಲು ತಿಂದ ಕಟ್ಟಿಗೆಯ ಹಾಗಿತ್ತು. ಬೆರಳಿನಿಂದ ಒತ್ತಿದರೆ ಉದುರಿತು. ಗುಬಟು ಹೆಚ್ಚಿನ ಕಡೆಗೆ ತಿರುಗಿರುವುದನ್ನೂ ನೋಡಿದೆ. ಅದು ಹೇಗೆ ತಿರುಗಿತು ಎಂದು ಅಲ್ಲಿದ್ದ ಹೆಂಗಸರು ಅಷ್ಟು ಹೊತ್ತಿಗೆ ನನಗೆ ಹೇಳಿದ್ದರು. ಸಾವ್ಕಾರರು ಬಂದು, “ಏನಾತವಾ ಇದು?” ಎಂದರು. ದವಾಖಾನೆಯಿಂದ ಹಿಂತಿರುಗಿದ ದಾವಲಣ್ಣ ಒದ್ದೆ ಅಂಗಿಯಲ್ಲಿ ಬಾಗಿಲ ಬಳಿ ನಿಂತಿದ್ದ. ಸತ್ಯ ನನ್ನ ಬೆರಳಿನ ತುದಿಗೆ ಇನ್ನೂ ಅಂಟಿಕೊಂಡಿತ್ತು.

“ಗಾಳಿ ಹೆಚ್ಚಾಗೈತ್ರಿ,” ಎಂದೆ.

ಎರಡೇ ಮಾತು. ಅವನು ನನ್ನೊಂದಿಗೆ ಜಗಳವಾಡುತ್ತಾನೆ, ಗೆರೆ ದಾಟಿಸಿಲ್ಲ ಎನ್ನುತ್ತಾನೆ ಎಂದುಕೊಂಡಿದ್ದೆ. ಆಗ — ಆಗ ಏನು ಮಾಡುತ್ತಿದ್ದೆನೋ. ಅವನು ಜಗಳವಾಡಲಿಲ್ಲ. ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ. “ನಾ ತಿರುವಿದ್ನೇನು?” ಎಂದು ನನ್ನನ್ನೇ ಕೇಳಿದ. ಆ ಗಾಬರಿಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಅವನಿಗೆ ಕಲಸಿಹೋಗಿತ್ತು. ಓಣಿಯಲ್ಲಿ ಪಂಪು ಬಲ್ಲವಳು ನಾನೊಬ್ಬಳೇ. ನಾನು ಹೇಳಿದ್ದನ್ನು ಅವನು ನಂಬಿದ; ಕಣ್ಣಾರೆ ಕಂಡ ಹೆಂಗಸರೂ ತಮ್ಮ ಕಣ್ಣಿಗಿಂತ ನನ್ನ ಮಾತನ್ನೇ ನಂಬಿದರು.

ಅವತ್ತೇ ಒಡೆದ ಪಂಪನ್ನು ರಿಪೇರಿಯ ನೆಪದಲ್ಲಿ ಹೊರಿಸಿಕೊಂಡು ಹೋಗಿ ಪ್ಲಾಸ್ಟಿಕ್ಕಿನದನ್ನು ಕೂಡಿಸಿದೆ. ಆ ಪಂಪು ಬಹಳ ವರ್ಷ ಚೆನ್ನಾಗಿ ನಡೆಯಿತು. ಜನ ನನ್ನನ್ನು ಹೊಗಳಿದರು. ಶಾಂತಕ್ಕನ ಬಲಗಣ್ಣು ಬೆಳ್ಳಗಾಯಿತು. ದಾವಲಣ್ಣನನ್ನು ಯಾರೂ ಕೆಲಸದಿಂದ ಬಿಡಿಸಲಿಲ್ಲ. ತಾನೇ ಬಿಟ್ಟು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೆಂಡತಿಯ ತವರು ಲಕ್ಷ್ಮೇಶ್ವರಕ್ಕೆ ಹೋದ. ಹೋಗುವ ದಿನ ನಮ್ಮ ಮನೆಗೂ ಹೇಳಲು ಬಂದಿದ್ದ. ನಾನು ಹಿತ್ತಲಲ್ಲಿ ನಿಂತಿದ್ದೆ, ಹೊರಗೆ ಬರಲಿಲ್ಲ.

ನಂತರ ನನ್ನದೇ ಅಂಗಡಿಯಾಯಿತು. ಶಿರಹಟ್ಟಿ, ಮುಂಡರಗಿಯವರೆಗೂ ಪಂಪು ಕೊಟ್ಟೆ. ಕಲಿಯಲು ಬಂದ ಹುಡುಗರಿಗೆ “ಮೊದಲು ಯಾವ ನೀರು ಅಂತ ಕೇಳ್ರಿ, ಆಮೇಲೆ ಎಷ್ಟು ನೀರು ಅಂತ ಕೇಳ್ರಿ” ಎಂದು ಪಾಠವನ್ನೂ ಹೇಳಿದೆ. ಹಾಗೆ ಹೇಳುವಾಗ ನನ್ನ ದನಿ ನಡುಗುತ್ತಿರಲಿಲ್ಲ. ಅದನ್ನೂ ಇಲ್ಲಿ ಹೇಳಿಬಿಡಬೇಕು.

ಈ ಬೇಸಿಗೆಯಲ್ಲಿ ಲಕ್ಷ್ಮೇಶ್ವರದ ಎಣ್ಣೆ ಮಿಲ್ಲೊಂದಕ್ಕೆ ಹೋಗಿದ್ದೆ. ಬಜಾರದಲ್ಲಿ ಗಾದಿ ಹೊಲಿಯುವ ಅಂಗಡಿಯಿಂದ ಯಾರೋ “ಗಿರಿಜಾ” ಎಂದು ಕೂಗಿದರು. ಗಡ್ಡ ಬೆಳ್ಳಗಾಗಿದ್ದ ದಾವಲಣ್ಣ. ನನ್ನನ್ನು ಕೂರಿಸಿ ಚಹಾ ತರಿಸಿದ. ಒಳಗೆ ಅರಳೆ ಹಿಂಜುವ ಮಷಿನು ಇತ್ತು. ಅದನ್ನು ಅವನ ಹೆಂಡತಿಯ ತಮ್ಮ ನಡೆಸುತ್ತಿದ್ದ. “ಭಾವ ಮಷಿನ್ ಮುಟ್ಟಂಗಿಲ್ರಿ, ಗುಂಡಿ ಒತ್ತಂದ್ರೂ ಒಲ್ಲೆ ಅಂತಾರ,” ಎಂದು ಅವನು ನಗುತ್ತ ಹೇಳಿದ. ದಾವಲಣ್ಣ ನಗಲಿಲ್ಲ. ದಬ್ಬಳಕ್ಕೆ ದಾರ ಪೋಣಿಸುತ್ತ, ಪಕ್ಕದಲ್ಲಿ ಅರಳೆ ತುಂಬುತ್ತಿದ್ದ ಹೆಂಡತಿಗೆ ಹೇಳಿದ: “ಅವತ್ತ ಈಕಿ ಮನಸ್ಸು ಮಾಡಿದ್ರ ನನ್ನ ಪೊಲೀಸ್ರಿಗೆ ಹಿಡದು ಕೊಡಬಹುದಿತ್ತು. ಒಂದ ಮಾತು ಹೇಳಿ ಸುಮ್ಮನಾದ್ಲು. ಭಾಳ ದೊಡ್ಡ ಮನಸ್ಸು.”

ಅವನ ಹೆಂಡತಿ ನನಗೆ ಕೈ ಮುಗಿದಳು.

ನಾನು ಚಹಾ ಕುಡಿದು ಎದ್ದು ಬಂದೆ. ಹೌದು, ಆವಾಗಲೂ ಹೇಳಲಿಲ್ಲ. ಗದಗ ಮುಟ್ಟುವವರೆಗೂ ಗಾಡಿ ಹೇಗೆ ನಡೆಸಿದೆನೋ ನೆನಪಿಲ್ಲ. ಮಾಡಿದ ತಪ್ಪಿಗೆ ಬೈಗುಳ ಬಂದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ, ಆ ಕೈ ಮುಗಿದದ್ದು —

ಮರುದಿನ ಮತ್ತೆ ಹೋದೆ. ಅವನೊಬ್ಬನೇ ಇದ್ದ. ಕೂರದೆ, ನಿಂತುಕೊಂಡೇ ಎಲ್ಲವನ್ನೂ ಹೇಳಿದೆ: ಪಂಪು, ಪುಡಿ, ಗುಬಟು, ನನ್ನ ಸುಳ್ಳು. ಅವನು ಹೊಲಿಗೆ ನಿಲ್ಲಿಸದೆ ಕೇಳಿದ. ಕೊನೆಗೆ ಕೈ ನಿಂತಿತು.

“ಹಂಗಾದ್ರ ಮುಳ್ಳು ಗೆರಿ ದಾಟಿದ್ದಿಲ್ಲೇನು?”

“ಇಲ್ಲಣ್ಣ.”

“ಖರೆ ಹೇಳು.”

“ಖರೇನ. ನೀ ಸರಿ ಇಟ್ಟಿದ್ದಿ.”

ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿದ. ನಾನು ಅವನ ಕಾಲು ಹಿಡಿಯಲು ಬಾಗಿದೆ. ಕಾಲನ್ನು ಹಿಂದಕ್ಕೆ ಎಳೆದುಕೊಂಡ. “ಬ್ಯಾಡ. ಶಾಂತವ್ವಗ ಹೇಳಿಯೇನು?”

“ಇಲ್ಲ.”

“ಹೋಗಿ ಹೇಳು. ನನ್ನ ಮುಂದ ಕುಂತು ಅಳಬ್ಯಾಡ. ಹೋಗು.”

ಬೆಟಗೇರಿಯಲ್ಲಿ ಶಾಂತಕ್ಕ ಮಗಳ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಳು. ಅವಳಿಗೂ ಹೇಳಿದೆ. ತನ್ನ ಕಣ್ಣಿನ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. “ದಾವಲಸಾಬ ವರ್ಷಾ ವರ್ಷಾ ಥಂಡಿ ದಿನದಾಗ ಒಂದು ಗಾದಿ ಹೊತಗೊಂಡು ಬರ್ತಿದ್ದ,” ಎಂದಳು. “ಇಲ್ಲೇ ನಿಂದರತಿದ್ದ. ಒಂದ ಸಲಾನೂ ಒಳಗ ಬಾ ಅಂದಿಲ್ಲ ನಾ. ಒಂದು ತಂಬಿಗಿ ನೀರು ಕೊಟ್ಟಿಲ್ಲ. ಗಾದಿ ತಗೊಂಡು ಬಾಗಲಾ ಹಾಕೊಂತಿದ್ದೆ.” ಆಮೇಲೆ ನನ್ನ ಕಡೆ ತಿರುಗಿದಳು. “ಅವನ್ನ ನನ್ನ ಕೈಲೆ ಹೊಡಸಿದೆಲ್ಲ ಗಿರಿಜಾ. ಇಷ್ಟು ವರ್ಷ.”

 

ಮರುದಿನ ಮುಂಜಾನೆ ಅವಳು ಲಕ್ಷ್ಮೇಶ್ವರಕ್ಕೆ ಹೊರಟಿದ್ದಾಳೆ ಎಂದು ಅವಳ ಮಗಳಿಂದ ಗೊತ್ತಾಗಿ ಬಸ್ ನಿಲ್ದಾಣಕ್ಕೆ ಓಡಿದೆ. ಗಾಡಿಯಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದೆ. “ಒಲ್ಲೆ,” ಎಂದಳು, ಅಷ್ಟೇ. ಬಸ್ಸು ಬಂತು. ಮೆಟ್ಟಿಲ ಹಿಡಿಕೆ ಅವಳ ಬಲಗಡೆಗಿತ್ತು, ಕಾಣದ ಕಡೆಗೆ. ಅವಳ ಕೈ ಗಾಳಿಯಲ್ಲಿ ತಡಕಾಡಿತು. ನಾನು ಒಂದು ಹೆಜ್ಜೆ ಮುಂದೆ ಇಟ್ಟೆ, ಮತ್ತೆ ನಿಂತೆ. ಹಿಂದಿದ್ದ ಯಾರೋ ಅಪರಿಚಿತ ಹೆಂಗಸು ಅವಳ ಕೈಯನ್ನು ಹಿಡಿಕೆಯ ಮೇಲೆ ಇಟ್ಟಳು. ಶಾಂತಕ್ಕ ಏರಿದಳು.