ಎಡಬದಿಯ ಕಬ್ಬಿಣದ ಪಟ್ಟಿ

ಮಸ್ಕಿ ಬಸ್ ನಿಲ್ದಾಣದ ಎದುರು ನಾನು ಚಹಾ ಕುಡಿಯುತ್ತಿದ್ದಾಗ, ಅರವತ್ತು ದಾಟಿದ ಹೆಂಗಸೊಬ್ಬರು ನನ್ನ ಹಳೆಯ ಬುಲೆಟ್‌ನ ನಂಬರ್ ಪ್ಲೇಟ್ ಓದಿ, ಬಗ್ಗಿ ಅದರ ಎಡಬದಿಯನ್ನು ತಡಕಾಡಿದರು.

"ತಮ್ಮಾ, ಇದು ನಮ್ಮ ಗಾಡಿ. ಇಲ್ಲೊಂದು ಕಬ್ಬಿಣದ ಪಟ್ಟಿ ಇತ್ತಲ್ಲ, ಎಲ್ಲಿ ಹೋತು?"

ಮುದಗಲ್ಲಿನ ಗುಜರಿಯಲ್ಲಿ ಕೊಂಡ ಆ ಗಾಡಿಯನ್ನು, ಎರಡು ವರ್ಷ ಹಿಡಿದು, ಕಾರ್ಖಾನೆಯಿಂದ ಹೊರಬಂದ ದಿನದ ರೂಪಕ್ಕೆ ತಂದಿದ್ದೆ. ಹಿಂದೆ ಕೂರುವವರು ಕಾಲಿಡುವ ಜಾಗಕ್ಕಿಂತ ನಾಲ್ಕು ಬೆರಳು ಮೇಲೆ ಯಾರೋ ಬೆಸೆದಿದ್ದ ಪಟ್ಟಿಯನ್ನು ಕತ್ತರಿಸಿ ತೆಗೆದವನೂ ನಾನೇ. ವಾದ ನನ್ನಲ್ಲಿ ಸಿದ್ಧವಾಗಿತ್ತು.

"ಅದು ಕಂಪನಿದಲ್ಲ ಬಿಡ್ರಿ ಅಮ್ಮಾ. ಒರಿಜಿನಲ್ ಗಾಡಿಗೆ ಅಂಥಾದ್ದು ಇರಂಗಿಲ್ಲ."

ಆಕೆ ಸೀರೆಯ ಅಂಚನ್ನು ತುಸು ಎತ್ತಿದರು. ಎಡಗಾಲು ಬಲಗಾಲಿಗಿಂತ ನಾಲ್ಕು ಬೆರಳು ಗಿಡ್ಡವಿತ್ತು.

"ಈ ಕಾಲೂ ಕಂಪನಿದಲ್ಲಪಾ. ಕುಂತಾಗ ಜೋತಾಡ್ತೈತಿ ಅಂತ ನಮ್ಮನಿಯವ್ರು ಅದನ್ನ ಹಾಕ್ಸಿದ್ರು. ಅವ್ರು ತೀರಿಕೊಂಡ ಮ್ಯಾಲೆ ಗಾಡಿ ಮಾರಿದ್ವಿ. ಪಟ್ಟಿ ಇದ್ದಿದ್ರ ಒಮ್ಮೆ ಕುಂತು ನೋಡ್ತಿದ್ದೆ."

ಲಿಂಗಸೂಗೂರಿನ ಬಸ್ ಬಂತು, ಆಕೆ ಹತ್ತಿ ಹೋದರು. ಹೆಸರು, ಊರು ಕೇಳಬೇಕಿತ್ತೆಂದು ನನಗೆ ಹೊಳೆದದ್ದು ಬಸ್ ಹೊರಟ ಮೇಲೆ.

ಸಿಂಧನೂರಿಗೆ ಮರಳಿ, ಹಳೆಯ ಬೋಲ್ಟುಗಳ ಡಬ್ಬಿಯಲ್ಲಿದ್ದ ಆ ಪಟ್ಟಿಯನ್ನು ಹುಡುಕಿ ಇದ್ದಲ್ಲಿಗೇ ಬೆಸೆಸಿದೆ. ಅದು ಒರಿಜಿನಲ್ ಅಲ್ಲ ಎಂದು ಹಳೆಯ ಬೈಕುಗಳ ಹುಚ್ಚಿನ ಗೆಳೆಯರು ಈಗ ನನ್ನೊಂದಿಗೆ ವಾದಿಸುತ್ತಾರೆ. ಅವರ ವಾದ ಸರಿಯಾಗಿಯೇ ಇದೆ. ಮಸ್ಕಿಗೆ ಹೋದಾಗ ಮಾತ್ರ ನಾನು ಗಾಡಿಯನ್ನು, ಎಡಬದಿ ಬಸ್ ನಿಲ್ದಾಣಕ್ಕೆ ಕಾಣುವಂತೆ ನಿಲ್ಲಿಸುತ್ತೇನೆ.