ಆಡಿನ ನಾಲ್ಕು ಕಾಲು, ಅತ್ತೆಯ ಎಡಗೈ

ಹಗಲೆಲ್ಲ ಜನರಿಗೆ ‘ನಿಧಾನ, ನಿಧಾನ’ ಎಂದು ಹೇಳುವುದು ಕ್ಲಚ್ ಮೇಡಂ ಅವರ ಕಸುಬು. ಸಂಜೆಯಾದರೆ, ಯಾರು ಎಷ್ಟು ಅವಸರ ಮಾಡಿದರೆಂದು ಅಳೆದು ಮುದ್ರೆ ಒತ್ತುವುದು ಅವರ ಹುಚ್ಚು. ಡ್ರೈವಿಂಗ್ ಸ್ಕೂಲಿನ ಬಿಳಿ ಕಾರಿನಲ್ಲಿ ಅವರು ಕೂರುವ ಬದಿಗೂ ಒಂದು ಕ್ಲಚ್, ಒಂದು ಬ್ರೇಕ್ ಇವೆ. ಹೊಸಬರು ಕಾಂಪೌಂಡ್ ಗೋಡೆಯನ್ನೋ ಹಾಲಿನ ವ್ಯಾನನ್ನೋ ಅಪ್ಪಿಕೊಳ್ಳಲು ಹೊರಟಾಗ ಅವರ ಬಾಯಿ ಮಾತಾಡುವುದಿಲ್ಲ, ಕಾಲು ಮಾತಾಡುತ್ತದೆ. ಮನೆಯ ಸೋಫಾದಲ್ಲಿ ಕೂತು ಟಿವಿ ನೋಡುವಾಗಲೂ ತೆರೆಯ ಮೇಲಿನ ಕಾರು ತಿರುವಿಗೆ ಬಂದರೆ ಸಾಕು, ಅವರ ಬಲಗಾಲು ನೆಲವನ್ನು ಒತ್ತುತ್ತದೆ.

ಅವರ ಹುಚ್ಚಿನ ಹೆಸರು ಸ್ಪೀಡ್‌ರನ್. ಹಳೆಯ ಒಂದು ಕಂಪ್ಯೂಟರ್ ಆಟವನ್ನು ಮೊದಲಿನಿಂದ ಕೊನೆಯವರೆಗೆ ಆದಷ್ಟು ಕಡಿಮೆ ಹೊತ್ತಿನಲ್ಲಿ ಮುಗಿಸುವುದು, ಮುಗಿಸಿದ್ದಕ್ಕೆ ಸಾಕ್ಷಿಯಾಗಿ ವಿಡಿಯೊ ಕಳಿಸುವುದು. ಆ ವಿಡಿಯೊವನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿ, ಮೋಸವಿಲ್ಲವೆಂದು ಖಾತ್ರಿಯಾದ ಮೇಲೆ ಹಸಿರು ಗುರುತು ಕೊಟ್ಟು ಲೀಡರ್‌ಬೋರ್ಡಿನ ದಾಖಲೆ ಪಟ್ಟಿಗೆ ಏರಿಸುವವರು ಮಾಡರೇಟರುಗಳು. ಇದಕ್ಕೆ ಸಂಬಳವಿಲ್ಲ, ಬೈಗುಳ ಮಾತ್ರ ಧಾರಾಳ.

ಮೇಡಂ ಮಾಡರೇಟರ್ ಆಗಿದ್ದ ಆಟದ ನಾಯಕ ಒಂದು ಆಡು. ಕೋಟೆಯೊಂದರಲ್ಲಿ ಸಿಕ್ಕಿಬಿದ್ದ ಅದು ಕೋಣೆಗೊಂದರಂತೆ ತೂಗುಹಾಕಿದ ಗಂಟೆಗಳನ್ನು ಕೋಡಿನಿಂದ ಹೊಡೆಯುತ್ತ ಹೊರಗೆ ಓಡಬೇಕು. ನಾಲ್ಕು ಕಾಲಿಗೆ ಕೀಬೋರ್ಡಿನಲ್ಲಿ ನಾಲ್ಕು ಕೀಲಿ. ಒಂದರ ಹಿಂದೊಂದು ಸಮನಾಗಿ ಒತ್ತಿದರೆ ಆಡು ಗಾಳಿಯಾಗುತ್ತದೆ. ತಾಳ ತಪ್ಪಿದರೆ ಕಾಲಿಗೆ ಕಾಲು ತೊಡರಿ ಹೊಟ್ಟೆ ಮೇಲಾಗಿ ಬೀಳುತ್ತದೆ. ಇದಲ್ಲದೆ, ಆಟ ಬರೆದವರ ಕಣ್ಣು ತಪ್ಪಿಸಿ ಉಳಿದುಕೊಂಡ ಒಂದು ದೋಷವೂ ಇತ್ತು. ಗೋಡೆಗೆ ಮೂಗು ತಾಗಿಸಿ ನಿಂತಾಗ ಆಡು ಸೀನಿದರೆ, ಸೀನಿನ ರಭಸಕ್ಕೆ ಗೋಡೆಯ ಆಚೆ ಬದಿಗೆ ಹೋಗಿ ನಿಲ್ಲುತ್ತಿತ್ತು. ಇದು ನ್ಯಾಯವೋ ಅನ್ಯಾಯವೋ ಎಂದು ಒಂದು ಇಡೀ ಬೇಸಿಗೆ ವಾಗ್ವಾದ ನಡೆಯಿತು. ಇನ್ನೊಬ್ಬ ಮಾಡರೇಟರ್ ಆಗಿದ್ದ ಹಲ್ಲಿನ ಡಾಕ್ಟರು, “ಸೀನು ಬಂದ್ರೆ ಯಾರಿಂದ ತಡೆಯೋಕಾಗತ್ತೆ ಮೇಡಂ? ಆಡಿಗೂ ಮೂಗಿದೆ!” ಎಂದು ಕಣ್ಣೀರು ಸುರಿಸುವುದೊಂದನ್ನು ಬಿಟ್ಟು ಮಿಕ್ಕೆಲ್ಲ ಮಾಡಿದರು. ಕೊನೆಗೆ ಸೀನುವವರಿಗೊಂದು ಪಟ್ಟಿ, ಸೀನದವರಿಗೊಂದು ಪಟ್ಟಿ ಎಂದು ರಾಜಿಯಾಯಿತು.

ಇನ್ನೊಂದು ನಿಯಮವನ್ನು ಮೇಡಂ ತಾವೇ ಬರೆದಿದ್ದರು. ತನ್ನ ಮನೆಯವರ ಆಟಕ್ಕೆ ಯಾವ ಮಾಡರೇಟರೂ ತೀರ್ಪು ಕೊಡಕೂಡದು. ಅಂಥ ಆಟದ ಪರೀಕ್ಷೆ ನಡೆಯುವಾಗ ಆ ಕೋಣೆಯಲ್ಲೂ ಇರಕೂಡದು. ಇದಕ್ಕೆ ಕಾರಣ ಡಾಕ್ಟರೇ. ಅವರ ಹೆಂಡತಿ ಆಟದ ನಡುವೆ ಎದ್ದು ಹೋಗಿ ತಂಗಿಯ ಜತೆ ಫೋನಿನಲ್ಲಿ ಹರಟಿ ಬಂದಿದ್ದರು. ಹರಟೆಯ ಹೊತ್ತನ್ನು ಡಾಕ್ಟರು ಸದ್ದಿಲ್ಲದೆ ಲೆಕ್ಕದಿಂದ ಕಳೆದು, ಆಕೆಯನ್ನು ಪಟ್ಟಿಯಲ್ಲಿ ಮೇಲಕ್ಕೇರಿಸಿದ್ದರು.

ಹೀಗಿರುವಾಗ ಒಂದು ದಿನ ‘ಕಾರ್ಬನ್ ಕಾಪಿ’ ಎಂಬ ಹೆಸರಿನಲ್ಲಿ ಒಂದು ವಿಡಿಯೊ ಬಂತು. ಸೀನುವವರ ಪಟ್ಟಿಯ ತುದಿಯಲ್ಲಿ ಎಷ್ಟೋ ಕಾಲದಿಂದ ಕಾಲು ಚಾಚಿ ಕೂತಿದ್ದವನು ‘ಮಿಂಚು’. ಹಗಲಲ್ಲಿ ಈಜು ಕಲಿಸುವವನು. ಅವನ ದಾಖಲೆಯನ್ನು ಈ ಅಪರಿಚಿತ ಆಡು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಿಕ್ಕಿತ್ತು.

“ಮೇಡಂ, ಕೂತಲ್ಲಿಂದ ಎದ್ದುಬಿಟ್ಟೆ!” ಡಾಕ್ಟರು ಕ್ಲಿನಿಕ್ಕಿನಿಂದಲೇ ಕರೆ ಮಾಡಿದರು. “ಇಲ್ಲಿ ಪೇಷೆಂಟು ಬಾಯಿ ತೆರ್ಕೊಂಡು ನನ್ನನ್ನೇ ನೋಡ್ತಿದಾರೆ.”

“ಮೊದಲು ಅವರ ಬಾಯಿ ಮುಚ್ಚಿಸಿ ಡಾಕ್ಟ್ರೇ. ಆಮೇಲೆ ನಿಮ್ಮದು.”

ಮಿಂಚು ಮಾತ್ರ ಕುದಿಯುತ್ತಿದ್ದ. “ಹೆಸರೇ ಕಾರ್ಬನ್ ಕಾಪಿ! ಕಳ್ಳ ತಾನಾಗೇ ಬಂದು ಅಡ್ರೆಸ್ ಕೊಟ್ಟ ಹಾಗಿದೆ!”

ಮೇಡಂ ವಿಡಿಯೊವನ್ನು ಚಿತ್ರ ಚಿತ್ರವಾಗಿ ಬಿಡಿಸಿ ನೋಡಿದರು. ಯಾವ ಕೀಲಿಯನ್ನು ಯಾವಾಗ ಒತ್ತಿದರೆಂದು ತೋರಿಸುವ ಪುಟ್ಟ ದೀಪಗಳು ತೆರೆಯ ಮೂಲೆಯಲ್ಲಿದ್ದವು. ಅವು ಬೆಳಗಿದ ರೀತಿಯೇ ಅನುಮಾನಾಸ್ಪದವಾಗಿತ್ತು. ಮನುಷ್ಯರ ಬೆರಳು ದಣಿಯುತ್ತದೆ, ಗಾಬರಿಯಾಗುತ್ತದೆ, ಆಸೆ ಬೀಳುತ್ತದೆ. ಇಲ್ಲಿ ಮೊದಲ ಒತ್ತಿಗೂ ಕೊನೆಯ ಒತ್ತಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ಮೇಲಾಗಿ, ಪ್ರತಿ ಸಲ ಗಂಟೆ ‘ಟಿಣ್’ ಎಂದ ಕೂಡಲೇ ದೀಪಗಳೆಲ್ಲ ಆರಿ, ಆಡು ತನ್ನ ಪಾಡಿಗೆ ಒಂದಿಷ್ಟು ಜಾರಿ, ಮತ್ತೆ ದೀಪ ಹತ್ತುತ್ತಿದ್ದವು. ಗಂಟೆ ಹೊಡೆದಾಗ ಆಟದಲ್ಲಿ ತೆರೆಯೆಲ್ಲ ಬೆಳ್ಳಗಾಗುತ್ತದೆ. ಬೇರೆ ಬೇರೆ ದಿನ ಆಡಿದ ತುಂಡುಗಳನ್ನು ಜೋಡಿಸಿ ಮೋಸ ಮಾಡುವವರು ತಮ್ಮ ಹೊಲಿಗೆಯನ್ನು ಬಚ್ಚಿಡುವುದು ಆ ಬೆಳಕಿನಲ್ಲೇ. ಮೇಡಂ ಅವರಿಗೆ ಬೇರೆ ಪುರಾವೆ ಬೇಕಿರಲಿಲ್ಲ. ಕೆಂಪು ಗುರುತು ಒತ್ತಿ, ಎಲ್ಲರೂ ಓದುವ ಜಾಗದಲ್ಲಿ ಬರೆದರು: ‘ತುಂಡು ತುಂಡು ಜೋಡಿಸಿ ಹೊಲಿದದ್ದು. ತಿರಸ್ಕರಿಸಲಾಗಿದೆ.’

ಮರುದಿನ ಊಟದ ಮೇಜಿನ ಮೇಲೆ ತಟ್ಟೆಗಳು ಇಳಿಯುತ್ತಿರಲಿಲ್ಲ, ಬೀಳುತ್ತಿದ್ದವು. ಬಡಿಸುತ್ತಿದ್ದವರು ಮೇಡಂ ಅವರ ಅತ್ತೆ. ಸರಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದವರು. ಸಾಮಾನ್ಯವಾಗಿ ಸೊಸೆಯ ಜತೆ ಹರಟುತ್ತ ಊಟಕ್ಕಿಂತ ನಗುವನ್ನೇ ಹೆಚ್ಚು ಬಡಿಸುವವರು. ಅಂದು ಅವರ ಮುಖ ಗಂಟುಹಾಕಿಕೊಂಡಿತ್ತು.

“ಏನಮ್ಮಾ, ಭೂಕಂಪವಾ?” ಎಂದರು ಮಗರಾಯರು. ಅವರು ಲಿಫ್ಟ್ ರಿಪೇರಿ ಮಾಡುವವರು, ಅಲುಗಾಟಗಳ ಬಗ್ಗೆ ಬಲ್ಲವರು.

“ನನ್ನನ್ಯಾಕೋ ಕೇಳ್ತೀಯ? ನಾನು ಹೊಲಿಗೆ ಕೆಲಸದೋಳು. ತುಂಡು ತುಂಡು ಜೋಡಿಸಿ ಹೊಲೀತೀನಂತೆ.”

ಮೇಡಂ ಅವರ ತುತ್ತು ಅರ್ಧದಲ್ಲೇ ನಿಂತಿತು. “ಅತ್ತೆ... ಕಾರ್ಬನ್ ಕಾಪಿ... ನೀವಾ?”

“ಮತ್ತೆ ನಿಮ್ಮತ್ತೆ ಭೂತವಾ? ಕಚೇರೀಲಿದ್ದಷ್ಟು ದಿನ ಒಂದು ಹಾಳೆ ವಾಪಸ್ ಬಂದಿಲ್ಲ ನಂದು. ಮನೆ ಸೊಸೆ ಊರಿಗೆಲ್ಲ ಕಾಣೋ ಹಾಗೆ ಮೋಸಗಾತಿ ಅಂತ ಬರೆದ್ಬಿಟ್ಳು!”

“ಒಂದು ಮಾತು ಹೇಳಬಾರದಿತ್ತಾ ಅತ್ತೆ? ನಾನು ಪಾಠಕ್ಕೆ ಹೋದಾಗ ನೀವು ಆಡ್ತಿದ್ದದ್ದೇ ಗೊತ್ತಿಲ್ಲ ನಂಗೆ.”

“ಹೇಳಿದ್ರೆ ನೀನು ನೋಡೋ ಹಾಗಿಲ್ವಲ್ಲ! ನೀನೇ ಬರೆದಿಟ್ಟಿದ್ದೀಯ, ಮನೆಯವರದ್ದು ನೋಡಬಾರದು ಅಂತ. ನಂಗೆ ಆ ಹಲ್ಲಪ್ಪ ನೋಡಿ ಮೆಚ್ಚೋದು ಬೇಕಿರಲಿಲ್ಲ. ನೀನು ಮೆಚ್ಚಬೇಕಿತ್ತು.” ಅತ್ತೆ ಮಗನ ತಟ್ಟೆಗೆ ಕೇಳದಿದ್ದರೂ ಇನ್ನೊಂದು ಸೌಟು ಸುರಿದರು.

ಮೇಡಂ ಅವರಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಆದರೂ ಒಳಗಿನ ಮಾಡರೇಟರ್ ಸುಮ್ಮನಿರಬೇಕಲ್ಲ! “ಅತ್ತೆ, ಬೈಬೇಡಿ. ಪ್ರತಿ ಗಂಟೆ ಆದ್ಮೇಲೂ ಕೈ ಯಾಕೆ ನಿಲ್ಲಿಸ್ತೀರಿ?”

“ಎಲ್ಲೇ ನಿಲ್ಲಿಸ್ತೀನಿ? ಒಂದು ಕಡೆಯೂ ನಿಲ್ಲಿಸಲ್ಲ.”

ಅತ್ತೆ ಸುಳ್ಳು ಹೇಳುವವರಲ್ಲ. ಆರಿದ ದೀಪಗಳೂ ಸುಳ್ಳು ಹೇಳುತ್ತಿರಲಿಲ್ಲ. ಮೇಡಂ ಎದ್ದು ಕೈತೊಳೆದು ಡಾಕ್ಟರಿಗೂ ಮಿಂಚುವಿಗೂ ಇದ್ದದ್ದನ್ನು ಇದ್ದ ಹಾಗೆ ತಿಳಿಸಿದರು. ಆಡಿದವರು ನಮ್ಮತ್ತೆ, ಗೊತ್ತಿಲ್ಲದೆ ತೀರ್ಪು ಕೊಟ್ಟೆ, ಇನ್ನು ಈ ವಿಷಯದಲ್ಲಿ ನನ್ನ ಕೈಯಿಲ್ಲ ಎಂದರು. ಡಾಕ್ಟರು ಭಾನುವಾರ ಬೆಳಗ್ಗೆ ವಿಡಿಯೊ ಕರೆಯಲ್ಲಿ ಎಲ್ಲರೆದುರು ನೇರವಾಗಿ ಆಡಿ ತೋರಿಸಲಿ, ಬೆರಳುಗಳೂ ಕ್ಯಾಮೆರಾದಲ್ಲಿ ಕಾಣಲಿ ಎಂದು ವಿಧಿಸಿದರು. ದೀಪ ಆರುವ ಖಾಲಿ ಜಾಗಗಳಿಗೆ ಉತ್ತರ ಸಿಗದಿದ್ದರೆ ಕೆಂಪು ಗುರುತು ಕೆಂಪಾಗಿಯೇ ಉಳಿಯುವುದು.

ಭಾನುವಾರ ಬಂತು. ಮಗರಾಯರು ಮೇಜಿನ ದೀಪದ ಕತ್ತಿಗೆ ಫೋನು ಕಟ್ಟಿ, ಕ್ಯಾಮೆರಾ ಕೆಳಮುಖವಾಗುವಂತೆ ಬಗ್ಗಿಸಿದರು. ಅತ್ತೆ ಕನ್ನಡಕ ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಸಾಹೇಬರು ಒಳಗೆ ಬಂದರೇನೋ ಎಂಬಂತೆ ಕೂತರು. ಕೀಬೋರ್ಡಿನ ಹಿಂದೆ ಸ್ಟೀಲ್ ಲೋಟದಲ್ಲಿ ನೀರು. ಮೇಡಂ ತಾವೇ ಬರೆದ ನಿಯಮಕ್ಕೆ ತಲೆಬಾಗಿ ಕೋಣೆಯಿಂದ ಹೊರಬಂದು ಬಾಗಿಲು ಎಳೆದುಕೊಂಡರು. ಗಂಡನನ್ನೂ ಎಳೆದುಕೊಂಡರು.

ಬಾಗಿಲಿಗೆ ಕಿವಿ ಹಚ್ಚಬಾರದೆಂದು ನಿಯಮದಲ್ಲಿ ಬರೆದಿರಲಿಲ್ಲ. ಒಳಗೆ ಕೀಲಿಗಳು ಸಣ್ಣ ಮಳೆಯಂತೆ ಹನಿಯತೊಡಗಿದವು, ಒಂದೇ ಸಮ. ಆಡು ಸೀನಿತು. ಸ್ಪೀಕರಿನಲ್ಲಿ ಡಾಕ್ಟರು “ಆಹಾ!” ಎಂದರು. ಮೊದಲ ಗಂಟೆ ‘ಟಿಣ್’ ಎಂದಿತು. ಆ ಕೂಡಲೇ ಢಣಾರನೆ ಲೋಟ ನೆಲಕ್ಕೆ ಬಿತ್ತು, ಆಡು ‘ಬ್ಯಾ’ ಎಂದು ಅಂಗಾತವಾಯಿತು.

“ಅಯ್ಯೋ, ಹೋಯ್ತು!” ಅತ್ತೆಯ ಕೂಗು.

ಮೇಡಂ ಅವರ ಬಲಗಾಲು ಹೊಸ್ತಿಲನ್ನು ಗಟ್ಟಿಯಾಗಿ ಒತ್ತಿತು. ಗಂಡ ಅವರ ತೋಳು ಹಿಡಿದುಕೊಂಡರು.

“ಒಂದ್ನಿಮಿಷ, ಒಂದ್ನಿಮಿಷ,” ಮಿಂಚುವಿನ ದನಿ. “ಅಜ್ಜೀ, ಲೋಟಕ್ಯಾಕೆ ಹೊಡೆದ್ರಿ?”

“ಯಾರು? ನಾನಾ? ತಾನೇ ಬಿತ್ತಪ್ಪ ಅದು.”

“ಇಲ್ಲಜ್ಜಿ, ಹಿಂದೆ ಓಡಿಸಿ ನೋಡ್ತಿದೀನಿ. ಗಂಟೆ ಹೊಡೀತು, ನಿಮ್ಮ ಎಡಗೈ ಮೇಲೆದ್ದು ಗಾಳೀಲಿ ಏನನ್ನೋ ಬಲಕ್ಕೆ ತಳ್ಳಿತು. ಲೋಟ ಅಡ್ಡ ಬಂತು, ಅಷ್ಟೇ. ಲೋಟ ತೆಗೆದು ಇನ್ನೊಂದ್ಸಲ ಆಡಿ.”

ಮತ್ತೆ ಮಳೆ, ಮತ್ತೆ ಸೀನು, ಮತ್ತೆ ಟಿಣ್. ಈ ಸಲ ಸ್ಪೀಕರಿನಲ್ಲಿ ಇಬ್ಬರೂ ಒಟ್ಟಿಗೇ ಕಿರುಚಿದರು: “ತಳ್ಳಿದ್ರು!” ಇನ್ನೊಂದು ಟಿಣ್. “ಮತ್ತೆ ತಳ್ಳಿದ್ರು!”

ಕೀಲಿಗಳು ನಿಂತವು. ಅತ್ತೆ ತಮ್ಮ ಎಡಗೈಯನ್ನು ಬೇರೆಯವರ ಕೈಯೆಂಬಂತೆ ನೋಡಿಕೊಂಡಿರಬೇಕು. “ಅಯ್ಯೋ ದೇವರೇ,” ಎಂದರು. “ಟೈಪ್‌ರೈಟರಲ್ಲಿ ಸಾಲು ಮುಗಿಯೋ ಹೊತ್ತಿಗೆ ಗಂಟೆ ಹೊಡೀತಿತ್ತು. ಎಡಗಡೆ ಒಂದು ಹಿಡಿ, ಅದನ್ನ ಬಲಕ್ಕೆ ತಳ್ಳಿದ್ರೆ ಹೊಸ ಸಾಲು. ಗಂಟೆ ಅಂದ್ರೆ ತಳ್ಳು ಅಂತಲೇ ಈ ಕೈಗೆ...”

ಹೊಲಿಗೆಯೆಂದು ಮೇಡಂ ಹಿಡಿದದ್ದು ಸಾಲು ಮುಗಿದದ್ದನ್ನು!

ಹೊರಗೆ ಮಗರಾಯರು ಗೋಡೆಗೆ ಒರಗಿ ಕುಸಿದರು. “ಕಾಲಿಂಗ್ ಬೆಲ್ ಆದಾಗೆಲ್ಲ ಅಮ್ಮ ಕೈ ಬೀಸ್ತಾಳೆ ಕಣೇ! ‘ಹೋಗಿ ಬಾಗಿಲು ತೆಗಿ’ ಅಂತ ಸನ್ನೆ ಮಾಡ್ತಾಳೆ ಅಂದ್ಕೊಂಡು ಇಷ್ಟು ವರ್ಷ ಓಡಿದೀನಲ್ಲೇ ನಾನು!”

ಮೇಡಂ ನಿಯಮಕ್ಕೆ ಭಂಗ ಬಾರದಿರಲೆಂದು ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕರು. ಕಣ್ಣಿನಲ್ಲಿ ನೀರು ಬಂತು.

“ಅಂದ್ರೆ,” ಮಿಂಚು ಉಸಿರು ಕಟ್ಟಿದವನಂತೆ ಹೇಳುತ್ತಿದ್ದ, “ಗಂಟೆಗೊಂದ್ಸಲ ಕೈ ಬೀಸ್ಕೊಂಡು, ಇಲ್ಲದ ಮಿಷಿನ್ ತಳ್ಕೊಂಡು ನನ್ನ ದಾಖಲೆ ಮುರಿದಿದೀರಿ? ಬೀಸದೇ ಆಡಿದ್ರೆ ನನ್ನ ಗತಿ ಏನಜ್ಜಿ? ಡಾಕ್ಟ್ರೇ, ಕೊಟ್ಬಿಡಿ. ಹಸಿರು ಕೊಟ್ಬಿಡಿ. ಮರ್ಯಾದೆಯಾಗಿ ಕೆಳಗಿಳೀತೀನಿ.”

“ಕೊಟ್ಟಾಯ್ತು!” ಎಂದರು ಡಾಕ್ಟರು. “ಅಮ್ಮಾ, ತಾವೇ ಮೊದಲು!”

ಬಾಗಿಲು ತೆರೆಯಿತು. ಅತ್ತೆ ಹೊಸ್ತಿಲಲ್ಲಿ ನಿಂತು, ಗದರಿಸುವ ಮುಖ ಮಾಡಲು ಪ್ರಯತ್ನಿಸಿ ಸೋತರು. “ಕೇಳಿಸ್ತಾ? ಹೊಲಿಗೆಯೋಳಲ್ವಂತೆ ನಾನು.”

“ತಪ್ಪಾಯ್ತು ಅತ್ತೆ. ಎಲ್ಲರಿಗೂ ಕಾಣೋ ಕಡೆಯೇ ತಪ್ಪಾಯ್ತು ಅಂತ ಬರೀತೀನಿ.”

“ಬರಿ, ಬಿಡ್ಬೇಡ. ಆದ್ರೆ ಆಮೇಲೆ ಬರಿ. ತೀರ್ಪು ಮುಗೀತಲ್ಲ? ಈಗ ನಿನ್ನ ನಿಯಮದ ಕಾಟ ಇಲ್ಲ ತಾನೆ?” ಅತ್ತೆ ಸೊಸೆಯ ಮಣಿಕಟ್ಟು ಹಿಡಿದು ಒಳಗೆಳೆದು ತಮ್ಮ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. “ಕೂತ್ಕೊಂಡು ನೋಡು. ನೋಡಿ ಹೇಳು.”

ಮಗರಾಯರೂ ಹಿಂದೆಯೇ ಬಂದು ಕೂತರು. ಮೇಡಂ ಕನ್ನಡಕ ಸರಿಮಾಡಿಕೊಂಡು, ಕೀಬೋರ್ಡಿನತ್ತ ಬಾಗಿ ನೋಡಿದರು. ಒಣಗಿದ ಆ ಬೆರಳುಗಳ ಕೆಳಗೆ ಆಡು ನಿಜಕ್ಕೂ ಗಾಳಿಯಾಗಿತ್ತು. ಮೆಟ್ಟಿಲು ಮುಗಿಯುವ ಮೊದಲೇ ಮುಂದಿನ ಮೆಟ್ಟಿಲಿನಲ್ಲಿರುತ್ತಿತ್ತು. “ಅಬ್ಬಾ ಅತ್ತೆ, ಎಂಥ ಚೆಂದ!” ಎನ್ನುವಷ್ಟರಲ್ಲಿ ಟಿಣ್ ಎಂದಿತು, ಎಡಗೈ ಎದ್ದಿತು, ತಳ್ಳಿತು, ಸೊಸೆಯ ಕನ್ನಡಕ ಹಾರಿ ಮಗನ ಮಡಿಲಿಗೆ ಬಿತ್ತು. ಅತ್ತೆ ಸೊಸೆ ಇಬ್ಬರೂ ಒಬ್ಬರ ಮೇಲೊಬ್ಬರು ವಾಲಿ ಹೊಟ್ಟೆ ಹುಣ್ಣಾಗುವಂತೆ ನಗತೊಡಗಿದರು. ತೆರೆಯ ಮೇಲೆ ಆಡು ನಾಲ್ಕು ಕಾಲನ್ನೂ ಮೇಲೆತ್ತಿ ಬಿದ್ದಿತ್ತು, ಮೂಲೆಯ ಗಡಿಯಾರ ಓಡುತ್ತಲೇ ಇತ್ತು, ಅದನ್ನು ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.